ಮಕ್ಕಳ ಪಾಲಿನ ನಿದ್ದೆ

ಯುದ್ಧ ಶುರುವಾದ ಮೇಲೆ ಸೈನಿಕರ ನಿದ್ದೆಯನ್ನು ಮನೆಯವರೇ ಮಾಡಬೇಕಿತ್ತು. ಕಿವಿಯ ಹಿಂದೆ ಕಡಲೆಕಾಳಿನಷ್ಟು ಯಂತ್ರ ಅಂಟಿಸಿಕೊಂಡು ಇಲ್ಲಿ ಅವ್ವ ಮಲಗಿದರೆ, ಗಡಿಯಲ್ಲಿ ಮಗ ದಣಿವಿಲ್ಲದೆ ಎಚ್ಚರವಿರುತ್ತಿದ್ದ. ಬೈಲಹೊಂಗಲದ ನೀಲವ್ವ ದೊಡ್ಡ ಮಗ ಸತ್ತೆಪ್ಪನ ಪಾಲಿನ ನಿದ್ದೆ ಮಾಡುತ್ತಿದ್ದಳು, ಗಂಡ ಅಡಿವೆಪ್ಪ ಚಿಕ್ಕವ ನಿಜಗುಣನದು. ರಾತ್ರಿ ತಮ್ಮ ನಿದ್ದೆ, ಮಧ್ಯಾಹ್ನ ಮಕ್ಕಳದು. ಮಕ್ಕಳ ಕನಸುಗಳೂ ಇವರಿಗೇ ಬೀಳುತ್ತಿದ್ದವು.

"ನಿನ್ನಿ ಸತ್ತೆಪ್ಪನ ಕನಸಿನ್ಯಾಗ ಒಬ್ಬಾಕಿ ಹುಡುಗಿ ಬಂದಿದ್ಲು ನೋಡ್ರಿ," ಎಂದಳು ನೀಲವ್ವ, ಚಾಪೆ ಹಾಸುತ್ತಾ.

"ಯಾರಾಕಿ? ಇವತ್ತ ಮಾರಿ ಚೆಂದಂಗ ನೋಡ್ಕೊಂಡು ಬಾ."

ಇಬ್ಬರೂ ಮಲಗಿದರು. ಎಷ್ಟು ಮಗ್ಗಲು ಬದಲಿಸಿದರೂ ನಿದ್ದೆ ಬರಲಿಲ್ಲ. ಮಗ ತಾನೇ ಮಲಗಿದರೆ, ಇಲ್ಲವೇ ಸತ್ತರೆ ಮಾತ್ರ ಹೀಗಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ನಿಮಗೂ ಬರವಲ್ದೇನ್ರಿ?" ನೀಲವ್ವ ಕೇಳಿದಳು. ಅಡಿವೆಪ್ಪ ಎದ್ದು ಬಾಗಿಲು ತೆರೆದ.

ಓಣಿಯ ತುಂಬ ಸೈನಿಕರ ತಾಯಿತಂದೆಯರು ಬಿಸಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎದುರುಮನೆಯ ಗಂಗವ್ವ ರೇಡಿಯೊ ಹಿಡಿದು ಓಡಿ ಬಂದಳು. "ಯುದ್ಧ ನಿಂತತಂತ! ಹುಡುಗೋರೆಲ್ಲ ಮಲಗ್ಯಾರಂತ!"

ಓಣಿಯೆಲ್ಲ ಕೇಕೆ ಹಾಕಿತು. ನೀಲವ್ವ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸಣ್ಣಗ ಮಾತಾಡ್ರೆವ್ವಾ," ಎಂದಳು, "ಹುಡುಗೋರಿಗೆ ಎಚ್ಚರಾದೀತು."