ತಿರುವಿ ಹಾಕಿದ ಗಡಿಕಲ್ಲು

ಅಕ್ಕನಿಗೆ ಬಟ್ಟೆ ಒಗೆಯಲು ಸರಿಯಾದ ಕಲ್ಲಿರಲಿಲ್ಲ. ಉಳಿದದ್ದೆಲ್ಲ ಇತ್ತು: ಹಿತ್ತಿಲಿಗೆ ಹತ್ತಿದಂತೆ ಹೊಳೆ, ಗುಡ್ಡದ ಮೇಲಿನ ಸೈನಿಕ ಠಾಣೆಯಿಂದ ಮೂಟೆಗಟ್ಟಲೆ ಬರುವ ಬಟ್ಟೆ, ರಟ್ಟೆಯಲ್ಲಿ ಕಸುವು. ಠಾಣೆಯ ಹುಡುಗರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕಳೆದ ಸಲ ನೆರೆ ಇಳಿದ ಮೇಲೆ ಕೆಸರಿನಲ್ಲಿ ಚಪ್ಪಟೆ ಕಲ್ಲೊಂದು ಬಿದ್ದದ್ದು ಕಂಡಾಗ ಅವಳು ಹಿಂದೆಮುಂದೆ ನೋಡಲಿಲ್ಲ. ಹಾರೆ ಹಾಕಿ ಉರುಳಿಸಿಕೊಂಡೇ ಮನೆಗೆ ತಂದಳು. ಎರಡೂ ಮುಖಗಳ ಮೇಲೆ ಏನೋ ಕೆತ್ತಿತ್ತು. ಯಾರದೋ ಸಮಾಧಿಯ ಕಲ್ಲಿರಬೇಕು, ಸತ್ತವರೇನು ವಾಪಸು ಕೇಳಲು ಬರುತ್ತಾರೆಯೇ ಎಂದುಕೊಂಡಳು.

ಕೇಳಲು ಬಂದವರು ಬದುಕಿದ್ದವರೇ. ವರ್ಷಕ್ಕೊಮ್ಮೆ ಗಡಿಕಲ್ಲು ಎಣಿಸುವ ದಿನ ಅದು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಇಬ್ಬರು ಸರ್ವೇಯರುಗಳು ಅಂಗಳಕ್ಕೆ ಬಂದು ನೀರು ಕೇಳಿದರು. ಕನ್ನಡಕದವರು ಈ ದೇಶದವರು, ಕೊಡೆಯವರು ಆಚೆ ದೇಶದವರು.

“ಗುಡ್ಡದ ಮೇಲೇನಣ್ಣ, ಬೆಳಿಗ್ಗೆಯಿಂದ ಅಷ್ಟೊಂದು ಬೂಟಿನ ಸದ್ದು?” ಅಕ್ಕ ಚೊಂಬು ಕೊಡುತ್ತ ಕೇಳಿದಳು.

“ಒಂದು ಗಡಿಕಲ್ಲು ಕಾಣ್ತಿಲ್ಲ ಕಣಮ್ಮ,” ಎಂದರು ಕನ್ನಡಕದವರು. “ಇವರ ಕಡೆಯವರು ಕಿತ್ತಿದ್ದಾರೆ.”

“ಇವರೇ ಕಿತ್ತು ನಮ್ಮ ತಲೆಗೆ ಕಟ್ತಿದ್ದಾರೆ,” ಎನ್ನುತ್ತ ಕೊಡೆಯವರು ಅದೇ ಚೊಂಬಿಗೆ ಕೈಚಾಚಿದರು. “ಎರಡೂ ಕಡೆ ಬಂದೂಕು ಹಿಡಿದು ಕೂತಿದ್ದಾರೆ. ಸಂಜೆಯೊಳಗೆ ನಾವಿಬ್ಬರೂ ಸೇರಿ ಒಂದೇ ಮಾತು ಹೇಳಬೇಕು. ಅಲ್ಲೀವರೆಗೂ ಯಾರೂ ಗುಂಡು ಹಾರಿಸೋ ಹಾಗಿಲ್ಲ. ಹಾಗಂತ ಒಪ್ಪಂದ.”

“ಹೇಳದಿದ್ರೆ?”

“ನೀನು ಇವತ್ತು ಮಂಚದ ಕೆಳಗೆ ಮಲಗೋದು ವಾಸಿ.”

ಒಪ್ಪಂದ ಇವರಿಬ್ಬರನ್ನು ಒಂದೇ ನೊಗಕ್ಕೆ ಕಟ್ಟಿತ್ತು. ಇವರ ಟೇಪಿನ ತುದಿ ಅವರು ಹಿಡಿಯಬೇಕು, ಅವರ ಟೇಪಿನ ತುದಿ ಇವರು. ಕೆಲಸ ಮುಗಿಯುವತನಕ ಒಬ್ಬರನ್ನು ಬಿಟ್ಟು ಒಬ್ಬರು ಅಲುಗುವಂತಿಲ್ಲ. ಒಬ್ಬರು ಪೊದೆಯ ಹಿಂದೆ ಹೋದರೂ ಇನ್ನೊಬ್ಬರು ಇತ್ತ ತಿರುಗಿ ಕಾಯುತ್ತ ನಿಲ್ಲಬೇಕು.

“ವಯಸ್ಸಾದವರು ಹೀಗೆ ಕಚ್ಚಾಡ್ತೀರಲ್ಲ,” ಎಂದಳು ಅಕ್ಕ.

“ನಮಗೆ ಸಂಬಳ ಕೊಡೋದೇ ಅದಕ್ಕೆ ತಾಯಿ,” ಎಂದರು ಕೊಡೆಯವರು. “ನಾವು ಕಚ್ಚಾಡಿದರೆ ಅವರು ಕಚ್ಚಾಡಲ್ಲ ಅಂತ.”

“ಕಲ್ಲು ನೋಡೋಕೆ ಹೇಗಿತ್ತು?”

“ಚಪ್ಪಟೆ ಕಲ್ಲು,” ಎಂದರು ಕನ್ನಡಕದವರು. “ಒಂದು ಮುಖದಲ್ಲಿ ನಮ್ಮ ಮುದ್ರೆ, ಅಂಕಿ. ಇನ್ನೊಂದರಲ್ಲಿ ಇವರದು.”

ಅಕ್ಕ ಹಿತ್ತಿಲ ಕಡೆ ಕಣ್ಣು ಹಾಯಿಸಿದಳು. ಹಿತ್ತಿಲ ಕಲ್ಲಿನ ಮೇಲೆ ಒದ್ದೆ ಪ್ಯಾಂಟುಗಳ ರಾಶಿ ಬಿದ್ದಿತ್ತು, ಯಾರಿಗೂ ಕಾಣುವಂತಿರಲಿಲ್ಲ. ಬಾಯಿ ಬಿಟ್ಟರೆ ಕಲ್ಲೂ ಹೋಗುತ್ತದೆ, ಠಾಣೆಯ ಕೆಲಸವೂ ಹೋಗುತ್ತದೆ, ಮೇಲೆ ಜೈಲೂಟ ಬೇರೆ. ಸುಮ್ಮನಿದ್ದುಬಿಟ್ಟರೆ ಇವರು ನೀರು ಕುಡಿದು ಎದ್ದು ಹೋಗುತ್ತಾರೆ. ಆದರೆ ಆ ಪ್ಯಾಂಟುಗಳನ್ನು ತೊಡುವ ಹುಡುಗರು ಈಗ ಗುಡ್ಡದ ಮೇಲಿದ್ದರು. ಯಾವ ಕಲೆ ಒಗೆದರೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಇಬ್ಬರನ್ನೂ ಹಿತ್ತಿಲಿಗೆ ಕರೆದೊಯ್ದು ರಾಶಿಯನ್ನು ಪಕ್ಕಕ್ಕೆ ತಳ್ಳಿದಳು.

“ನೆರೆ ಬೀಳಿಸಿತ್ತು. ನಾನು ಎತ್ಕೊಂಡ್ ಬಂದೆ. ಏನು ಮಾಡ್ತೀರೋ ಮಾಡಿ.”

ಇಬ್ಬರೂ ಮಂಡಿಯೂರಿದರು. ಕನ್ನಡಕದವರು ನೊರೆ ಒರೆಸಿ ನೋಡಿ ಕೆಂಪಗಾದರು. “ನಮ್ಮ ದೇಶದ ಮುದ್ರೆ ಮೇಲೆ ಚಡ್ಡಿ ಒಗೆದಿದ್ದೀಯಾ?”

ಕೊಡೆಯವರು ಮೀಸೆಯಲ್ಲೇ ನಗುತ್ತಿದ್ದವರು ಥಟ್ಟನೆ ನಗು ನಿಲ್ಲಿಸಿದರು. “ಅಂದರೆ ನಮ್ಮದನ್ನ ಕೆಸರಿಗೆ ಕವುಚಿ ಹಾಕಿದ್ದೀಯಾ?”

“ಅಯ್ಯೋ, ಇಲ್ಲಣ್ಣ. ಒಂದೇ ಕಡೆ ಒಗೆದ್ರೆ ಕಲ್ಲು ನುಣುಪಾಗುತ್ತೆ, ಕೊಳೆ ಬಿಡಲ್ಲ. ಅದಕ್ಕೇ ವಾರಕ್ಕೊಂದ್ಸಲ ತಿರುವಿ ಹಾಕ್ತೀನಿ. ಹೋದ ವಾರ ನಿಮ್ಮ ಮೇಲೆ ಒಗೆದೆ, ಈ ವಾರ ಇವರ ಮೇಲೆ. ನಾನು ಯಾರಿಗೂ ಮೋಸ ಮಾಡಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವರು ಯಾರು ಎಂಬುದನ್ನು ಯಾವ ಒಪ್ಪಂದವೂ ತೀರ್ಮಾನಿಸಲಾರದು.

“ಇಷ್ಟು ವರ್ಷ ಮಾತುಕತೆ ನಡೆಸಿದರಲ್ಲ ದೊಡ್ಡವರು,” ಕನ್ನಡಕದವರು ಕಣ್ಣೊರೆಸಿಕೊಂಡರು, “ಇಷ್ಟು ಸರಿಸಮನಾಗಿ ಒಬ್ಬರಾದರೂ ಪಾಲು ಮಾಡಿದ್ದಾರಾ?”

ಮುದ್ರೆಗಳ ಕೆಳಗಿನ ಸಣ್ಣ ಅಂಕಿಗಳು ಎರಡೂ ಕಡೆ ಒಗೆತಕ್ಕೆ ಸವೆದು ಹೋಗಿದ್ದವು. ಅಂಕಿ ಓದಲು ಬಾರದ ಕಲ್ಲು ಗಡಿಕಲ್ಲಲ್ಲ, ಇಬ್ಬರೂ ಸೇರಿ ಹೊಸದು ನೆಡಬೇಕು, ಹಳೆಯದು ಯಾವ ದೇಶಕ್ಕೂ ಸೇರಿದ್ದಲ್ಲ ಎಂದಿತ್ತು ನಿಯಮ. ಕೊಡೆಯವರು ಕಲ್ಲನ್ನು ಮೆಲ್ಲಗೆ ತಟ್ಟಿ, “ಇಟ್ಕೋ ತಾಯಿ,” ಎಂದರು.

“ಮತ್ತೆ ನನ್ನ ಹೆಸರು ಹೇಳ್ತೀರಾ ಮೇಲಿನವರಿಗೆ?”

“ಕಲ್ಲು ಕೆಡವಿದವರಿಗೆ ಏನು ಶಿಕ್ಷೆ ಅಂತ ಒಪ್ಪಂದದಲ್ಲಿ ಮೂರು ಪುಟ ಇದೆ,” ಎಂದರು ಕನ್ನಡಕದವರು. “ಬಿದ್ದದ್ದನ್ನ ಎತ್ತಿಕೊಂಡು ಹೋದವರ ಬಗ್ಗೆ ಒಂದು ಸಾಲೂ ಇಲ್ಲ. ಬರೆದವರ ಕನಸಿನಲ್ಲೂ ನಿನ್ನಂಥವಳು ಬಂದಿರಲಿಲ್ಲ.”

ಇಬ್ಬರೂ ತಮ್ಮ ತಮ್ಮ ವಾಕಿಟಾಕಿ ಹಿಡಿದು, ನಿಯಮದಂತೆ ಒಟ್ಟಿಗೇ ಒಂದೇ ಮಾತು ಹೇಳಬೇಕಿತ್ತು: ಕಲ್ಲು ನೆರೆಗೆ ಬಿದ್ದಿದೆ, ಯಾರ ತಪ್ಪೂ ಇಲ್ಲ. ನಗು ತಡೆಯಲಾಗದೆ ಎರಡು ಸಲ ತಾಳ ತಪ್ಪಿತು. ಮೂರನೆಯ ಸಲ ಸರಿಹೋಯಿತು. ಸ್ವಲ್ಪ ಹೊತ್ತಿಗೆ ಗುಡ್ಡದ ಈ ಬದಿಯಲ್ಲಿ ಯಾರೋ ಸಿಳ್ಳೆ ಹಾಕಿದರು. ಆ ಬದಿಯಿಂದ ಅದಕ್ಕೆ ಮರುಸಿಳ್ಳೆ ಬಂತು.

ಆ ದಿನ ಎರಡು ದೇಶಗಳಿಗೂ ಸೇರಿ ಆದ ಒಟ್ಟು ನಷ್ಟ: ಬಕೆಟ್ಟಿನಲ್ಲೇ ಉಳಿದು ಕರಗಿದ ಅರ್ಧ ಸೋಪು, ನಗುವಾಗ ಹಾರಿಹೋದ ಅಂಗಿಯ ಗುಂಡಿ ಒಂದು, ಯಾರೂ ನೋಡದಿದ್ದಾಗ ಹೊಳೆಯಲ್ಲಿ ತೇಲಿಹೋದ ಕಾಲುಚೀಲ ಒಂದು.