ಬೆರಳು ಮುಟ್ಟುವ ಕಲ್ಲು

"ಇದು ತೀರಾ ನುಣುಪು. ಜೋಯಲ್‌ಗೆ ಹಿಡಿಸ್ತಿರ್ಲಿಲ್ಲ," ಎಂದು ಅತ್ತೆ ಹ್ಯಾರಿಯೆಟ್ ಅಮೃತಶಿಲೆಯ ಮೆಜೂಜಾವನ್ನು ಬದಿಗಿಟ್ಟರು. ಪೂರ್ಣಿಮಾ ಅದನ್ನು ಅಂಗಡಿಯವನತ್ತ ಸರಿಸಿದಳು. ಪ್ರಾರ್ಥನೆಯ ಸುರುಳಿಯಿಡುವ ಆ ಕವಚವನ್ನು ಹೊಸ ಮನೆಯ ಬಾಗಿಲಿಗೆ ತಾನೇ ಆರಿಸುತ್ತೇನೆ ಎಂದಿದ್ದ ಅವಳ ಗಂಡ ಜೋಯಲ್ ಹೋದ ತಿಂಗಳು ತೀರಿಕೊಂಡಿದ್ದ.

ಬಾಗಿಲು ದಾಟುವಾಗ ಅವನ ಯೆಹೂದಿ ಮನೆಯವರೆಲ್ಲ ಮೆಜೂಜಾ ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಜೋಯಲ್ ಮಾತ್ರ ಹೆಂಡತಿ ಮಾಡುವುದನ್ನು ನೋಡಿ ನೋಡಿ ಆ ಬೆರಳನ್ನು ಕಣ್ಣಿಗೊತ್ತಿಕೊಳ್ಳತೊಡಗಿದ್ದ. "ನನ್ನ ಮಗನಿಗೆ ಏನೇನೋ ಕಲಿಸಿಟ್ಟಿದೀಯ," ಎಂದು ಹ್ಯಾರಿಯೆಟ್ ಸೊಸೆಯ ಮೇಲೆ ಹರಿಹಾಯ್ದಿದ್ದರು.

ಈಗ ಅವರು ಒರಟು ಬೂದುಗಲ್ಲಿನದೊಂದನ್ನು ಎತ್ತಿಕೊಟ್ಟರು. "ಹಿಡ್ಕೋ, ಬಾಗಿಲಲ್ಲಿ ಇರೋ ಹಾಗೆ."

ಪೂರ್ಣಿಮಾ ಭುಜದೆತ್ತರಕ್ಕೆ ಹಿಡಿದಳು. ಹ್ಯಾರಿಯೆಟ್ ಕಲ್ಲು ಮುಟ್ಟಿದರು. ಬೆರಳು ತುಟಿಯವರೆಗೆ ಹೋಗಿ ಅಲ್ಲೇ ತಡೆಯಿತು. ಆಮೇಲೆ ಮೆಲ್ಲಗೆ ಮೇಲೇರಿಸಿ, ಮಗನ ಹಾಗೆಯೇ, ಕಣ್ಣಿಗೊತ್ತಿಕೊಂಡರು.