ಕಲಿಸದ ಹೆಜ್ಜೆ

ನಾಯಿಗಳು ತೊಂಬತ್ತು ವರ್ಷ ಬದುಕುತ್ತಿದ್ದುದರಿಂದ ಮರಿ ಸಿಗುವುದು ಅಪರೂಪ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದವೇ ಹೆಚ್ಚು. ಧಾರವಾಡದ ವಿಮಲಾಕ್ಷಿಗೆ ಸಿಕ್ಕ ಮುಧೋಳದ ಹೆಣ್ಣುನಾಯಿ ಚಂಪಿಗೆ ಐವತ್ತೆರಡು ವರ್ಷ. ನಾಲ್ಕು ವರ್ಷ ಬೆವರು ಸುರಿಸಿ ಅವಳು ಅದಕ್ಕೆ ಹಾಡಿಗೆ ತಕ್ಕಂತೆ ಕುಣಿಯುವುದನ್ನು ಕಲಿಸಿದ್ದಳು.

ಸ್ಪರ್ಧೆಯ ದಿನ ಕುಣಿತ ಅರ್ಧಕ್ಕೆ ಬಂದಾಗ ಚಂಪಿ ಇದ್ದಕ್ಕಿದ್ದಂತೆ ತಲೆ ತಗ್ಗಿಸಿ, ತಾಳ ತಪ್ಪದೆ ಏಳು ಹೆಜ್ಜೆ ಹಿಂದಕ್ಕೆ ಸರಿಯಿತು. ವಿಮಲಾಕ್ಷಿ ಅದನ್ನು ಕಲಿಸಿಯೇ ಇರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮೊದಲ ಬಹುಮಾನವೂ ಬಂತು. ತನ್ನ ಮೊಣಕಾಲು ಸೋತ ಮೇಲೆ ಚಂಪಿಯನ್ನು ವಿಮಲಾಕ್ಷಿಗೆ ಬಿಟ್ಟುಕೊಟ್ಟಿದ್ದ ಎಂಬತ್ತರ ಸುಭದ್ರಾಬಾಯಿ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ವಿಮಲಾಕ್ಷಿಯ ಹೊಟ್ಟೆಗೆ ಬೆಂಕಿ ಬಿತ್ತು.

ಗೆದ್ದ ಕಪ್ಪನ್ನು ಮುದುಕಿಯ ಮಡಿಲಲ್ಲಿ ಕುಕ್ಕಿ, "ತಗೋರಿ, ಇದು ನಿಮ್ದ ಐತಿ. ಆ ಹೆಜ್ಜಿ ಕಲಿಸಿದಾಕಿ ನೀವಲ್ಲೇನ್ರಿ?" ಎಂದಳು.

"ನಾನಲ್ಲ ತಂಗಿ," ಮುದುಕಿ ನಕ್ಕಳು. "ನನಗಿಂತ ಮೊದಲ ಇದನ್ನ ಸಾಕಿದವರು ಯಾರೋ ಕಲಿಸ್ಯಾರ. ಮಾರಿ ನೋಡದ ಆ ಮನಷ್ಯಾನ ಮ್ಯಾಲ ಇಪ್ಪತ್ತು ವರ್ಷ ನಾನೂ ಉರಕೊಂಡೇನಿ. ನಿಂದೂ ಒಂದು ಹೆಜ್ಜಿ ಇಟ್ಟು ಹೋಗು. ಮುಂದ ಬರಾಕಿ ಉರಕೊಳ್ಳಲಿ."

ಮನೆಗೆ ಬಂದವಳೇ ವಿಮಲಾಕ್ಷಿ ಹಾಡು ಹಾಕಿ ಹೊಸ ಹೆಜ್ಜೆಯೊಂದನ್ನು ಕಲಿಸತೊಡಗಿದಳು. ಚಂಪಿ ಸಂಜೆಯೊಳಗೆ ಕಲಿತುಬಿಟ್ಟಿತು. ಅದನ್ನು ತಬ್ಬಿಕೊಂಡು ಕೂತವಳಿಗೆ, ಮುಂದೆಂದೋ ಈ ಹೆಜ್ಜೆಗೆ ಚಪ್ಪಾಳೆ ಗಿಟ್ಟಿಸಲಿರುವ, ಇನ್ನೂ ಹುಟ್ಟಿಯೇ ಇರದ ಆ ಹೆಂಗಸಿನ ಮೇಲೆ ಈಗಲೇ ಹೊಟ್ಟೆ ಉರಿಯಿತು.